ಗೋಪುರದ ಮೇಲಿನ ತುತ್ತೂರಿಗಾರ

ಕೆಲಸ ಹುಡುಕಿಕೊಂಡು ಲೈಪ್‌ಜಿಗ್ ನಗರಕ್ಕೆ ಬಂದಾಗ ಗಾಟ್‌ಫ್ರೀಡ್ ರೈಖೆಗೆ 21 ವರ್ಷ. ನನಗಿಂತ ಒಂದೇ ವರ್ಷ ದೊಡ್ಡವನು. ಜರ್ಮನಿಯ ವೈಸೆನ್‌ಫೆಲ್ಸ್ ಎಂಬ ಊರಿನಲ್ಲಿ 1667ರ ಫೆಬ್ರುವರಿ 5ರಂದು ಹುಟ್ಟಿದ ಈತನಿಗೆ 1688ರಲ್ಲಿ ಸಿಕ್ಕಿದ್ದು ನಗರದ ವಾದ್ಯಗಾರರ ಬಳಿ ಸಹಾಯಕನ ಕೆಲಸ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಟ್ರೈನಿ. ಒಂದೆರಡು ವರ್ಷದಲ್ಲಿ ಕಾಯಂ ಆಗಬಹುದು ಎಂದು ಅಂದುಕೊಂಡಿದ್ದನೋ ಏನೋ. ಆದದ್ದು 12 ವರ್ಷದ ಮೇಲೆ. ಅದೂ ಕೆಳದರ್ಜೆಯ ಹುದ್ದೆ.

ಡಿಸೆಂಬರ್ ಬಂದರೆ ಲ್ಯಾಬ್ ರೆಕಾರ್ಡ್ ಬರೆಯುತ್ತಾ ಕ್ರಿಸ್‌ಮಸ್ ಸಂಗೀತ ಕೇಳುವುದು ನನ್ನ ಅಭ್ಯಾಸ. ಹಾಡಲ್ಲ, ಬರೀ ಹಿತ್ತಾಳೆ ವಾದ್ಯಗಳದ್ದು. ಟ್ರಂಪೆಟ್, ಟ್ರೊಂಬೋನ್, ಹಾರ್ನ್ ಎಲ್ಲ ಸೇರಿ ನುಡಿಸುವುದನ್ನು ಕೇಳಿದರೆ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಯೂಟ್ಯೂಬ್ ಒಂದರ ಹಿಂದೊಂದು ತೋರಿಸುತ್ತಾ ಹೋದಾಗ ಸಿಕ್ಕ ಹೆಸರು ಇದು. ಟ್ರಂಪೆಟ್ ನುಡಿಸುವವರಿಗೆಲ್ಲ ಗೊತ್ತಿರುವ ಹೆಸರು. ನನಗೆ ಮಾತ್ರ ಸಂಗೀತಕ್ಕಿಂತ ಮೊದಲು ಹಿಡಿಸಿದ್ದು ಆತನ ಸರ್ವೀಸ್ ರೆಕಾರ್ಡ್.

ಆಗ ಲೈಪ್‌ಜಿಗ್‌ನಲ್ಲಿ ನಗರಸಭೆಯೇ ಸಂಬಳ ಕೊಟ್ಟು ಇಟ್ಟುಕೊಂಡ ವಾದ್ಯಗಾರರು ಏಳೇ ಜನ. ಮೇಲಿನ ದರ್ಜೆಯಲ್ಲಿ ನಾಲ್ವರು, ಕೆಳಗೆ ಪಿಟೀಲುಗಾರರು ಎಂದು ಕರೆಸಿಕೊಳ್ಳುವ ಮೂವರು. ಹೆಸರಿಗೆ ಪಿಟೀಲುಗಾರರಾದರೂ ಊದುವ ವಾದ್ಯಗಳೂ ಬರಬೇಕಿತ್ತು. ಚರ್ಚಿನಲ್ಲಿ, ಮೆರವಣಿಗೆಯಲ್ಲಿ, ನಮ್ಮ ವಾಲಗದವರ ಹಾಗೆ ಮದುವೆ ಮನೆಗಳಲ್ಲಿ ಅವರೇ ನುಡಿಸಬೇಕು. ಇದ್ದವರು ತೀರಿಕೊಂಡರೋ ಬಿಟ್ಟುಹೋದರೋ ಆಗ ಮಾತ್ರ ಜಾಗ ಖಾಲಿ. ರೈಖೆಗೆ ಪಿಟೀಲುಗಾರನ ಹುದ್ದೆ ಸಿಕ್ಕಿದ್ದು 1700ರಲ್ಲಿ, ಮೇಲಿನ ದರ್ಜೆಗೆ ಬಡ್ತಿ 1706ರಲ್ಲಿ, ಎಲ್ಲರಿಗಿಂತ ಹಿರಿಯ ವಾದ್ಯಗಾರನ ಸ್ಥಾನ 1719ರಲ್ಲಿ. ಅಷ್ಟು ಹೊತ್ತಿಗೆ ಆತನಿಗೆ 52.

ಆದರೆ ಆತ ಸುಮ್ಮನೆ ಕೂತು ಕಾಯಲಿಲ್ಲ. ನಗರದ ವಾದ್ಯಗಾರರು ಟೌನ್‌ಹಾಲ್ ಗೋಪುರ ಹತ್ತಿ ಇಡೀ ಊರಿಗೆ ಕೇಳುವಂತೆ ನುಡಿಸುವ ರೂಢಿ ಅಲ್ಲಿತ್ತು. ಬೆಳಿಗ್ಗೆ 10 ಗಂಟೆಯ ಗೋಪುರ ಸಂಗೀತ ಎಷ್ಟು ಹೆಸರಾಗಿತ್ತೆಂದರೆ, ರೈಖೆಗಿಂತ ಹಿಂದಿನ ಯೋಹಾನ್ ಪೆಟ್ಸೆಲ್ 1670ರಲ್ಲಿ ತಂದ ಸಂಗೀತ ಪುಸ್ತಕಕ್ಕೆ 'ಹತ್ತನೆಯ ಗಂಟೆ' ಎಂದೇ ಹೆಸರಿಟ್ಟಿದ್ದ. ರೈಖೆಯೂ 1696ರಲ್ಲಿ ಗೋಪುರಕ್ಕಾಗಿಯೇ 24 ರಚನೆಗಳ ಪುಸ್ತಕ ಪ್ರಕಟಿಸಿದ. ಒಂದು ಕಾರ್ನೆಟ್, ಮೂರು ಟ್ರೊಂಬೋನ್, ಒಟ್ಟು ನಾಲ್ಕು ದನಿ. ಈ ಕಾರ್ನೆಟ್ ಇವತ್ತಿನ ಬ್ಯಾಂಡ್‌ಸೆಟ್ಟಿನದ್ದಲ್ಲ, ಕೊಳಲಿನಂತೆ ತೂತುಗಳಿದ್ದು ಕಹಳೆಯಂತೆ ಊದುವ ಮರದ ವಾದ್ಯ. ಪುಸ್ತಕ ಬಂದಾಗ ಆತನಿಗೆ 29 ವರ್ಷ, ಹುದ್ದೆ ಇನ್ನೂ ಸಹಾಯಕನದ್ದೇ! ನನ್ನ ಬಯೋಡೇಟಾದಲ್ಲಿ ಏನಿದೆ ಎಂದು ಒಮ್ಮೆ ತೆಗೆದು ನೋಡಿಕೊಂಡೆ.

ಆ ಕಾಲದ ತುತ್ತೂರಿಯ ವಿಷಯ ಹೇಳದಿದ್ದರೆ ಈತನ ಕೈಚಳಕ ಗೊತ್ತಾಗುವುದಿಲ್ಲ. ಈಗಿನ ಟ್ರಂಪೆಟ್‌ನಲ್ಲಿ ಬೆರಳಿಟ್ಟು ಒತ್ತುವ ಮೂರು ವಾಲ್ವ್‌ಗಳಿವೆ. ಅವುಗಳಿಗೆ ಪೇಟೆಂಟ್ ಸಿಕ್ಕಿದ್ದು 1818ರಲ್ಲಿ. ರೈಖೆಯದ್ದು ಸುಮಾರು 7 ಅಡಿ ಉದ್ದದ ಬರೀ ಕೊಳವೆ. ವಾಲ್ವ್ ಇಲ್ಲ, ತೂತಿಲ್ಲ. ತುಟಿ ಮತ್ತು ಉಸಿರು ಎರಡರಲ್ಲೇ ಸ್ವರ ಹುಟ್ಟಬೇಕು. ಪಿಯುಸಿ ಭೌತಶಾಸ್ತ್ರದಲ್ಲಿ ಅನುನಾದ ಓದಿದ್ದೇವಲ್ಲ, ಮೂಲ ಆವೃತ್ತಿಯ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂದು, ಅದೇ ಲೆಕ್ಕ. ಮೂಲ ಸ್ವರ 'ಸ' ಆದರೆ ಎರಡನೆಯದು ಮೇಲಿನ 'ಸ', ಮೂರನೆಯದು 'ಪ', ನಾಲ್ಕನೆಯದು ಮತ್ತೆ 'ಸ'. ಕೆಳಗೆಲ್ಲ ದೊಡ್ಡ ದೊಡ್ಡ ಜಿಗಿತ. ಎಂಟನೆಯದನ್ನು ದಾಟಿದ ಮೇಲಷ್ಟೇ ಸ, ರಿ, ಗ ಒಂದರ ಪಕ್ಕ ಒಂದು ಸಿಗುತ್ತವೆ. ಅಂದರೆ ರಾಗ ನುಡಿಸಬೇಕಾದರೆ ತುದಿಯ ಸ್ಥಾಯಿಗೇ ಹೋಗಬೇಕು. ಅಲ್ಲಿ ತುಟಿ ಕೂದಲೆಳೆಯಷ್ಟು ಸಡಿಲವಾದರೂ ಪಕ್ಕದ ಸ್ವರ ಬಂದುಬಿಡುತ್ತದೆ. ಹನ್ನೊಂದನೆಯದಂತೂ ಶುದ್ಧ ಮಧ್ಯಮವೂ ಅಲ್ಲ, ಪ್ರತಿ ಮಧ್ಯಮವೂ ಅಲ್ಲ. ಅದನ್ನು ತುಟಿಯಿಂದಲೇ ಎಳೆದು ಶ್ರುತಿಗೆ ತರಬೇಕು.

1723ರಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖ್ ಲೈಪ್‌ಜಿಗ್‌ಗೆ ಚರ್ಚ್ ಸಂಗೀತದ ಮುಖ್ಯಸ್ಥನಾಗಿ ಬಂದ. ಬಾಖ್‌ಗೆ 38, ರೈಖೆಗೆ 56. ಮೊದಲ ತುತ್ತೂರಿ ಈ ಹಿರಿಯನದ್ದೇ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಗೆ ಆಗಮನ ಕಾಲ ಎನ್ನುತ್ತಾರೆ. ಲೈಪ್‌ಜಿಗ್‌ನ ಪದ್ಧತಿಯಂತೆ ಅದರ ಮೊದಲ ಭಾನುವಾರ ಕಳೆದರೆ ಉಳಿದ ಮೂರು ಭಾನುವಾರ ಚರ್ಚಿನಲ್ಲಿ ವಾದ್ಯಮೇಳದ ಸಂಗೀತ ಇಲ್ಲ. ಆಮೇಲೆ ಡಿಸೆಂಬರ್ 25ರ ಬೆಳಿಗ್ಗೆ ಒಮ್ಮೆಗೇ ತುತ್ತೂರಿ, ನಗಾರಿ. ಬಾಖ್ ಅಲ್ಲಿ ಮಾಡಿದ ಮೊದಲ ಕ್ರಿಸ್‌ಮಸ್‌ನ ಕೃತಿಯಲ್ಲಿ ಒಂದಲ್ಲ, ಎರಡಲ್ಲ, ನಾಲ್ಕು ತುತ್ತೂರಿಗಳಿದ್ದವು. ಮೂರು ವಾರ ಮೌನವಾಗಿದ್ದ ಚರ್ಚಿನಲ್ಲಿ ಅದು ಹೇಗೆ ಕೇಳಿಸಿರಬಹುದು ನೋಡಿ. ಬಾಖ್ ಅಂಥ ಕಠಿಣ ಭಾಗಗಳನ್ನು ಧೈರ್ಯವಾಗಿ ಬರೆದದ್ದು ನುಡಿಸುವವನು ಎದುರಿಗಿದ್ದ ಕಾರಣಕ್ಕೆ ಎಂದೇ ನನಗನ್ನಿಸುತ್ತದೆ. ಸಂಗೀತ ಪುಸ್ತಕಗಳಲ್ಲಿ ಬಾಖ್‌ಗೆ ಅಧ್ಯಾಯ, ರೈಖೆಗೆ ಅಡಿಟಿಪ್ಪಣಿ. ಇದು ಸರಿಯಲ್ಲ.

ಆತನಿಗೆ 60 ತುಂಬುವ ಹೊತ್ತಿನ ಒಂದು ವರ್ಣಚಿತ್ರ ಉಳಿದಿದೆ. ಮುಂದೆ ಬಾಖ್‌ನ ಪ್ರಸಿದ್ಧ ಚಿತ್ರ ಬರೆದ ಹೌಸ್‌ಮನ್‌ನೇ ಇದನ್ನೂ ಬರೆದವನು. ಒಂದು ಕೈಯಲ್ಲಿ ಚಕ್ಕುಲಿಯಂತೆ ಸುತ್ತಿದ ತುತ್ತೂರಿ, ಇನ್ನೊಂದರಲ್ಲಿ ಸ್ವರ ಬರೆದ ಕಾಗದ. ಚಿತ್ರದಲ್ಲಿರುವ ಆ ಸ್ವರಗಳನ್ನೇ ಓದಿ ಈಗಲೂ ನುಡಿಸುತ್ತಾರೆ. ಅಮೆರಿಕದ ಒಂದು ಭಾನುವಾರದ ಟಿವಿ ಕಾರ್ಯಕ್ರಮ ಶುರುವಾಗುವುದೂ ಅದರಿಂದಲೇ.

1734ರ ಅಕ್ಟೋಬರ್ 5ರಂದು ಅರಸ ಮೂರನೇ ಆಗಸ್ಟಸ್ ಲೈಪ್‌ಜಿಗ್‌ನಲ್ಲಿದ್ದ. ಪೋಲೆಂಡಿನ ದೊರೆಯಾಗಿ ಆತ ಆಯ್ಕೆಯಾಗಿ ಒಂದು ವರ್ಷ ತುಂಬಿತ್ತು. ರಾತ್ರಿ ಮಾರುಕಟ್ಟೆ ಚೌಕದಲ್ಲಿ ಬಯಲಲ್ಲೇ ಬಾಖ್‌ನ ಹೊಸ ಕೃತಿ. ಸುತ್ತ 600 ವಿದ್ಯಾರ್ಥಿಗಳು ಪಂಜು ಹಿಡಿದಿದ್ದರು. 67 ವರ್ಷದ ರೈಖೆ ಆ ಹೊಗೆಯಲ್ಲೇ ನಿಂತು ಊದಿದ. ಮಾರನೆಯ ದಿನ ಮನೆಗೆ ನಡೆದು ಹೋಗುತ್ತಿದ್ದಾಗ, ವಾದ್ಯಗಾರರ ಗಲ್ಲಿಯಲ್ಲಿ, ಮನೆಗೆ ಇನ್ನೇನು ನಾಲ್ಕು ಹೆಜ್ಜೆ ಎನ್ನುವಾಗ ಕುಸಿದು ಬಿದ್ದ. ಮನೆಗೆ ಒಯ್ದದ್ದು ಶವವನ್ನು. ಹಿಂದಿನ ರಾತ್ರಿ ಊದಿದ ಆಯಾಸ ಮತ್ತು ಪಂಜಿನ ಹೊಗೆಯೇ ಕಾರಣ ಎಂದು ನಗರದ ವೃತ್ತಾಂತ ಬರೆದವರು ದಾಖಲಿಸಿದ್ದಾರೆ.

ಸರಿಯಾಗಿ 80 ದಿನಗಳ ನಂತರ ಕ್ರಿಸ್‌ಮಸ್. ಅಂದು ಬೆಳಿಗ್ಗೆ ಬಾಖ್‌ನ ಕ್ರಿಸ್‌ಮಸ್ ಒರೆಟೋರಿಯೊದ ಮೊದಲ ಭಾಗ ಲೈಪ್‌ಜಿಗ್‌ನಲ್ಲಿ ಮೊದಲ ಬಾರಿಗೆ ಕೇಳಿಬಂತು. ಮೊದಲು ಒಂಟಿ ನಗಾರಿಯ ಪೆಟ್ಟು, ಹಿಂದೆಯೇ ಮೂರು ತುತ್ತೂರಿಗಳ ಮಳೆ. ಇದೇ ಆರಂಭವನ್ನು ಬಾಖ್ ಹಿಂದಿನ ಡಿಸೆಂಬರ್‌ನಲ್ಲಿ, ರೈಖೆ ಇನ್ನೂ ಇದ್ದಾಗ, ರಾಣಿಯ ಹುಟ್ಟುಹಬ್ಬಕ್ಕೆಂದು ಬರೆದಿದ್ದ. ಮಾತು ಬದಲಾಯಿಸಿ ಕ್ರಿಸ್‌ಮಸ್‌ಗೆ ತಂದಿದ್ದ. ಮೊದಲ ತುತ್ತೂರಿ ಈ ಸಲ ಬೇರೆಯವರ ಕೈಯಲ್ಲಿತ್ತು.

ಆ 24 ಗೋಪುರ ರಚನೆಗಳು ಈಗ ಟ್ರಂಪೆಟ್, ಟ್ರೊಂಬೋನ್ ತಂಡಗಳಿಗೆ ಹೊಂದಿಸಿಕೊಂಡು ಬಳಕೆಯಲ್ಲಿವೆ. ಲೈಪ್‌ಜಿಗ್‌ನಲ್ಲಿ ಆಗಮನ ಕಾಲದ ಸಂತೆ ನಡೆಯುವಾಗ ಹಳೆಯ ಟೌನ್‌ಹಾಲ್‌ನ ಬಾಲ್ಕನಿಯಿಂದ ಇಂದಿಗೂ ಹಿತ್ತಾಳೆ ವಾದ್ಯದವರು ಜನರಿಗೆ ನುಡಿಸುತ್ತಾರೆ. ಅದೇ ಕಟ್ಟಡ ಈಗ ಮ್ಯೂಸಿಯಂ. ಚಿತ್ರದೊಳಗಿನ ರೈಖೆ ತುತ್ತೂರಿ ಹಿಡಿದು ನಿಂತಿರುವುದು ಅಲ್ಲಿಯೇ, ಒಳಗೆ.