ಆರತಿ ಸಾಹಾ: ನಿತ್ಯಾಭ್ಯಾಸದ ಫಲ

ನೀರನ್ನು ಕಂಡು ಅಂಜುವ ಬಾಲಿಕೆಯರು ನಮ್ಮಲ್ಲಿ ಅನೇಕರುಂಟು. ಹೆಣ್ಣುಮಕ್ಕಳಿಗೆ ಈಜು ಏತಕ್ಕೆಂದು ಕೇಳುವ ಹಿರಿಯರೂ ಉಂಟು. ಇವರೆಲ್ಲರ ಮುಂದೆ ಬಂಗಾಳದ ಸಾಧಾರಣ ಮನೆತನವೊಂದರಲ್ಲಿ ಹುಟ್ಟಿದ ಆರತಿ ಸಾಹಾಳ ಜೀವನವನ್ನು ಸಂಕ್ಷೇಪವಾಗಿ ಇಡಬಯಸುತ್ತೇವೆ.

ಆರತಿಯು 1940ನೆಯ ಇಸವಿ ಸೆಪ್ಟೆಂಬರ್ 24ರಂದು ಕಲಕತ್ತೆಯಲ್ಲಿ ಜನಿಸಿದಳು. ಎಳೆವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡಳು. ಮನೆಯವರೊಡನೆ ನದಿಯ ಘಟ್ಟಕ್ಕೆ ಸ್ನಾನಕ್ಕೆ ಹೋಗುತ್ತಲೇ ಈಜಲು ಕಲಿತಳು. ಮಗಳ ಒಲವನ್ನು ಕಂಡ ತಂದೆಯು ಆಕೆಯನ್ನು ಹಾಟಖೋಲಾ ಈಜು ಸಂಘಕ್ಕೆ ಸೇರಿಸಿದರು. ಅಲ್ಲಿ ಹೆಸರಾಂತ ಈಜುಗಾರರಾದ ಸಚಿನ್ ನಾಗ್ ಅವರ ಶಿಕ್ಷಣವು ಆಕೆಗೆ ದೊರೆಯಿತು.

1952ರಲ್ಲಿ, ಇನ್ನೂ 11 ವರ್ಷದ ಹುಡುಗಿಯಾಗಿರುವಾಗಲೇ, ಆರತಿಯು ಹೆಲ್ಸಿಂಕಿಯ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತದ ಪರವಾಗಿ 200 ಮೀಟರ್ ಎದೆಯೀಜಿನಲ್ಲಿ ಸ್ಪರ್ಧಿಸಿದಳು. ಮುಂದಿನ ಸುತ್ತಿಗೆ ಹೋಗಲಾಗಲಿಲ್ಲ. ಆದರೂ ಆಕೆ ಈಜನ್ನು ಬಿಡಲಿಲ್ಲ.

ಎದೆಯೀಜು ನೋಡಲು ಸುಲಭ, ಸಾಧಿಸಲು ಕಠಿನ. ಮೊದಲು ಕೈಗಳು ನೀರನ್ನು ಸೆಳೆಯಬೇಕು. ತಲೆ ಮೇಲೆದ್ದಾಗ ಉಸಿರನ್ನು ತೆಗೆದುಕೊಳ್ಳಬೇಕು. ಬಳಿಕ ಕಾಲುಗಳು ಒದೆಯಬೇಕು. ಕೊನೆಗೆ ದೇಹವನ್ನು ನೀಳವಾಗಿ ಚಾಚಿ ಕ್ಷಣಕಾಲ ತೇಲಿ ಸಾಗಬೇಕು. ಈ ಕ್ರಮವು ತಪ್ಪಿದರೆ ಈಜುವವಳ ಕೈಕಾಲುಗಳೇ ಆಕೆಯನ್ನು ತಡೆಯುತ್ತವೆ. ಆದುದರಿಂದಲೇ ಶಿಕ್ಷಕರು ಹಲಗೆಯನ್ನು ಹಿಡಿಸಿ ಕಾಲಿನ ಒದೆತವನ್ನು ಬೇರೆಯಾಗಿಯೂ, ಕೈಯ ಸೆಳೆತವನ್ನು ಬೇರೆಯಾಗಿಯೂ ಅಭ್ಯಾಸ ಮಾಡಿಸಿ, ಅನಂತರ ಎರಡನ್ನೂ ಕೂಡಿಸುತ್ತಾರೆ. ಮಾಡಿದ್ದನ್ನೇ ಮಾಡುವುದು ಬೇಸರವೆನಿಸಬಹುದು. ಆದರೆ ವ್ಯರ್ಥವಾಗಿ ಬಲವನ್ನು ಕಳೆಯದಂತೆ ದೇಹವನ್ನು ಪಳಗಿಸಲು ಬೇರೆ ದಾರಿಯಿಲ್ಲ.

1958ರಲ್ಲಿ ಬ್ರಜೇನ್ ದಾಸರು ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದರು. ಅದರಿಂದ ಆರತಿಗೂ ಆ ಆಸೆ ಹುಟ್ಟಿತು. 1959ರ ಏಪ್ರಿಲಿನಲ್ಲಿ ಕಲಕತ್ತೆಯ ದೇಶಬಂಧು ಉದ್ಯಾನದ ಕೊಳದಲ್ಲಿ ಆಕೆ 8 ಗಂಟೆಗಳ ಕಾಲ ಎಡೆಬಿಡದೆ ಈಜಿದಳು. ಮುಂದೆ ಇದಕ್ಕಿಂತಲೂ ದೀರ್ಘವಾದ ಅಭ್ಯಾಸವನ್ನು ಮಾಡಿದಳು.

ಅದೇ ವರ್ಷ ಆಗಸ್ಟ್ 27ರಂದು ಆಕೆ ಫ್ರಾನ್ಸಿನ ತೀರದಿಂದ ನೀರಿಗಿಳಿದಳು. ದಾರಿ ತೋರುವ ದೋಣಿಯು ತಡವಾಗಿ ಬಂದುದರಿಂದ ಅನುಕೂಲವಾದ ಹೊತ್ತು ಕೈತಪ್ಪಿತು. ಇಂಗ್ಲೆಂಡಿನ ದಡಕ್ಕೆ ಕೆಲವೇ ಮೈಲಿಗಳು ಉಳಿದಿರುವಾಗ ಎದುರು ಪ್ರವಾಹವು ಆಕೆಯನ್ನು ತಡೆಯಿತು. ಎಷ್ಟು ಹೆಣಗಿದರೂ ಮುಂದುವರಿಯಲಾಗದೆ ಹಿಂದಿರುಗಬೇಕಾಯಿತು. ದಡವು ಅಷ್ಟು ಹತ್ತಿರವಿರುವಾಗ ಸೋಲುವುದು ಎಷ್ಟು ಕಹಿಯೆಂಬುದನ್ನು ನಾವು ಊಹಿಸಬಹುದು.

ಆದರೆ ಆರತಿಯು ಊರಿಗೆ ಮರಳಲಿಲ್ಲ. ಸುಮಾರು ಒಂದು ತಿಂಗಳಲ್ಲಿ ಮತ್ತೆ ಸಿದ್ಧಳಾಗಿ, ಸೆಪ್ಟೆಂಬರ್ 29ರಂದು ಗ್ರೀ ನೇ ಭೂಶಿರದಿಂದ ಹೊರಟಳು. ಆ ಜಲಸಂಧಿಯ ಅಗಲವು ನೇರವಾಗಿ ಸುಮಾರು 21 ಮೈಲಿ ಮಾತ್ರ. ಪ್ರವಾಹವು ಪಕ್ಕಕ್ಕೆ ಎಳೆಯುವುದರಿಂದ ಆಕೆ ಈಜಿದ ದೂರವು 42 ಮೈಲಿಗಳಾಯಿತು. 16 ಗಂಟೆ 20 ನಿಮಿಷಗಳಲ್ಲಿ ಇಂಗ್ಲೆಂಡಿನ ಸ್ಯಾಂಡ್‌ಗೇಟ್ ಸೇರಿ, ಆ ಕಡಲನ್ನು ದಾಟಿದ ಏಷ್ಯಾ ಖಂಡದ ಮೊದಲನೆಯ ಮಹಿಳೆಯೆನಿಸಿದಳು. ಆಗ ಆಕೆಗೆ 19 ವರ್ಷ ತುಂಬಿ ಐದು ದಿನಗಳಾಗಿದ್ದವು.

1960ರಲ್ಲಿ ಭಾರತ ಸರ್ಕಾರವು ಪದ್ಮಶ್ರೀಯನ್ನಿತ್ತು ಆಕೆಯನ್ನು ಗೌರವಿಸಿತು. 1994ರ ಆಗಸ್ಟ್ 23ರಂದು ಆಕೆ ನಿಧನಹೊಂದಿದಳು.

ನಮ್ಮ ಬಾಲಿಕೆಯರೆಲ್ಲರೂ ಕಡಲನ್ನು ದಾಟಬೇಕಾಗಿಲ್ಲ. ಆದರೆ ಕೊಳದಲ್ಲಿ ಯಾರೂ ಹೊಗಳದಿರುವಾಗಲೂ ಮಾಡಿದ ಅಭ್ಯಾಸವೇ ಕಡಲಿನಲ್ಲಿ ಕೈಹಿಡಿಯುವುದೆಂಬುದನ್ನು ಈ ಜೀವನದಿಂದ ಅವರು ಕಲಿಯಲಿ. ಮಗಳು ಮೊದಲ ಸಲ ಸೋತು ಬಂದಾಗ ಇನ್ನು ಸಾಕೆನ್ನದೆ ಎರಡನೆಯ ಸಲಕ್ಕೆ ಕಳುಹಿಸುವ ಧೈರ್ಯವು ತಂದೆತಾಯಿಗಳಿಗೂ ಇರಲೆಂದು ಹಾರೈಸುತ್ತೇವೆ.