ಚಿಕ್ಕ ಮಕ್ಕಳ ದೊಡ್ಡ ಉಸ್ತಾದ್ ಡಾ. ಜಾಕಿರ್ ಹುಸೇನ್

ಭಾರತದ ರಾಷ್ಟ್ರಪತಿಗಳ ಹೆಸರುಗಳನ್ನು ಕ್ರಮವಾಗಿ ಹೇಳಿರಿ ಎಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಮೂರನೆಯದಾಗಿ ಡಾ. ಜಾಕಿರ್ ಹುಸೇನರ ಹೆಸರು ಹೇಳುತ್ತಾರೆ. ಆ ಉನ್ನತ ಸ್ಥಾನಕ್ಕೇರಿದ ಪ್ರಥಮ ಮುಸ್ಲಿಮರು ಎಂಬುದೂ ಹಲವರಿಗೆ ಗೊತ್ತು. ಆದರೆ ಅವರು ತಮ್ಮ ಯೌವನದ ಇಪ್ಪತ್ತೆರಡು ವರ್ಷಗಳನ್ನು ಒಂದು ಬಡ ವಿದ್ಯಾಸಂಸ್ಥೆಗೆ ಧಾರೆಯೆರೆದರು, ಪ್ರಾಥಮಿಕ ಶಾಲೆಯ ಶಿಕ್ಷಕನಿಗೆ ಎಂತಹ ತರಬೇತಿ ಇರಬೇಕೆಂದು ಇಡೀ ದೇಶಕ್ಕೆ ಒಂದು ನಕ್ಷೆ ಬರೆದುಕೊಟ್ಟರು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಬೇರಾವ ಕೋರ್ಸಿಗೂ ಸೀಟು ಸಿಗದಿದ್ದರೆ ಶಿಕ್ಷಕರ ತರಬೇತಿ ಇದ್ದೇ ಇದೆ ಎನ್ನುವ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಆದ್ದರಿಂದ ಈ ಮಹನೀಯರ ಜೀವನವನ್ನು ಆ ದೃಷ್ಟಿಯಿಂದ ಒಮ್ಮೆ ನೋಡುವುದು ಉಚಿತ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಜಾಕಿರ್ ಹುಸೇನರು 1897ರ ಫೆಬ್ರವರಿ 8ರಂದು ಹೈದರಾಬಾದಿನಲ್ಲಿ ಜನಿಸಿದರು. ಅವರ ಮನೆತನದ ಮೂಲ ಊರು ಉತ್ತರ ಪ್ರದೇಶದ ಫರೂಕಾಬಾದ್ ಜಿಲ್ಲೆಯ ಕಾಯಮ್‌ಗಂಜ್. ತಂದೆ ಫಿದಾ ಹುಸೇನ್ ಖಾನರು ಹೈದರಾಬಾದಿನಲ್ಲಿ ಹೆಸರುವಾಸಿ ವಕೀಲರಾಗಿದ್ದರು. ಏಳು ಮಂದಿ ಗಂಡುಮಕ್ಕಳಲ್ಲಿ ಜಾಕಿರ್ ಮೂರನೆಯವರು. ಹತ್ತನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಕುಟುಂಬ ಕಾಯಮ್‌ಗಂಜಿಗೆ ಮರಳಿತು. 1911ರಲ್ಲಿ ಪ್ಲೇಗ್ ಮಾರಿ ತಾಯಿಯನ್ನೂ ಕೊಂಡೊಯ್ದಿತು. ಹದಿನಾಲ್ಕರ ಹರೆಯದಲ್ಲೇ ತಬ್ಬಲಿಯಾದ ಹುಡುಗನನ್ನು ಕೈಹಿಡಿದು ನಡೆಸಿದ್ದು ಶಾಲೆ. ಇಟಾವಾದ ಇಸ್ಲಾಮಿಯಾ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದ ಸೈಯದ್ ಅಲ್ತಾಫ್ ಹುಸೇನರ ಪ್ರಭಾವ ಅವರ ಮೇಲೆ ಗಾಢವಾಗಿ ಬಿತ್ತು. ಒಬ್ಬ ಒಳ್ಳೆಯ ಉಸ್ತಾದ್ ಅನಾಥ ಮಗುವಿಗೆ ಏನಾಗಬಲ್ಲರು ಎಂಬ ಪಾಠ ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

ಮುಂದೆ ಅಲಿಗಢದ ಎಂ.ಎ.ಒ. ಕಾಲೇಜು ಸೇರಿದರು. ವೈದ್ಯರಾಗಬೇಕೆಂಬ ಆಸೆಯಿಂದ ಲಖನೌದಲ್ಲಿ ವಿಜ್ಞಾನ ಓದಲು ಹೋದರೂ ಅನಾರೋಗ್ಯದ ಕಾರಣ ಅದು ಕೈಗೂಡಲಿಲ್ಲ. ಮತ್ತೆ ಅಲಿಗಢಕ್ಕೆ ಬಂದು 1918ರಲ್ಲಿ ಬಿ.ಎ. ಮುಗಿಸಿ, ಅರ್ಥಶಾಸ್ತ್ರದ ಎಂ.ಎ. ಹಾಗೂ ಕಾನೂನು ತರಗತಿಗಳಿಗೆ ಸೇರಿದರು.

ಜಾಮಿಯಾದ ಜನನ

1920ರ ಅಕ್ಟೋಬರಿನಲ್ಲಿ ಮಹಾತ್ಮ ಗಾಂಧೀಜಿ ಮತ್ತು ಅಲಿ ಸಹೋದರರು ಅಲಿಗಢಕ್ಕೆ ಬಂದು, ಸರ್ಕಾರದ ನೆರವು ಪಡೆಯುವ ಕಾಲೇಜನ್ನು ತೊರೆಯುವಂತೆ ವಿದ್ಯಾರ್ಥಿಗಳಿಗೆ ಕರೆಕೊಟ್ಟರು. ಉಜ್ವಲ ಭವಿಷ್ಯ ಕಣ್ಣೆದುರಿಗಿದ್ದರೂ ಜಾಕಿರ್ ಹುಸೇನರು ಕಾಲೇಜು ಬಿಟ್ಟರು. ಬಿಟ್ಟು ಮನೆಗೆ ಹೋಗಿ ಕುಳಿತುಕೊಳ್ಳಲಿಲ್ಲ. ದೆಹಲಿಗೆ ತೆರಳಿ ಹಕೀಂ ಅಜ್ಮಲ್ ಖಾನ್, ಡಾ. ಅನ್ಸಾರಿ ಮೊದಲಾದ ನಾಯಕರನ್ನು ಕಂಡು, ವಿದ್ಯಾರ್ಥಿಗಳನ್ನು ಹೊರಗೆ ಕರೆದ ಮೇಲೆ ಅವರು ಕಲಿಯಲು ಒಂದು ರಾಷ್ಟ್ರೀಯ ವಿದ್ಯಾಲಯವನ್ನೂ ಕೊಡಬೇಕೆಂದು ಒತ್ತಾಯಿಸಿದರು. ಅದರ ಫಲವಾಗಿ 1920ರ ಅಕ್ಟೋಬರ್ 29ರಂದು ಅಲಿಗಢದಲ್ಲೇ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಸ್ಥಾಪನೆಯಾಯಿತು.

1922ರಲ್ಲಿ ಅವರು ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ತೆರಳಿದರು. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಪ್ರಸಿದ್ಧ ಅರ್ಥಶಾಸ್ತ್ರಜ್ಞ ವರ್ನರ್ ಸೋಂಬಾರ್ಟರ ಶಿಷ್ಯರಾಗಿ, ಬ್ರಿಟಿಷ್ ಭಾರತದ ಕೃಷಿ ವ್ಯವಸ್ಥೆಯನ್ನು ಕುರಿತು ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು. ಅರ್ಥಶಾಸ್ತ್ರ ಓದಲು ಹೋದವರ ಗಮನ ಅಲ್ಲಿನ ಶಾಲೆಗಳ ಕಡೆಗೂ ಹರಿಯಿತು. ಮ್ಯೂನಿಕ್ ನಗರದ ಶಿಕ್ಷಣ ತಜ್ಞ ಕೆರ್ಶೆನ್‌ಸ್ಟೈನರ್ ಅವರು ಕೈಕೆಲಸದ ಮೂಲಕ ಮಗುವಿನ ಬುದ್ಧಿ ಮತ್ತು ಶೀಲ ಎರಡನ್ನೂ ಬೆಳೆಸುವ ಶಾಲೆಯ ಕಲ್ಪನೆಯನ್ನು ಮುಂದಿಟ್ಟಿದ್ದರು. ಈ ವಿಚಾರ ಜಾಕಿರ್ ಹುಸೇನರ ಮನಸ್ಸಿನಲ್ಲಿ ಬೇರೂರಿತು.

ಆ ಹೊತ್ತಿಗೆ ಇತ್ತ ಖಿಲಾಫತ್ ಚಳವಳಿ ತಣ್ಣಗಾಗಿ, ಜಾಮಿಯಾದ ಆದಾಯ ಬತ್ತಿಹೋಗಿ, ಸಂಸ್ಥೆಯನ್ನೇ ಮುಚ್ಚುವ ಮಾತು ನಡೆದಿತ್ತು. ಸುದ್ದಿ ತಿಳಿದ ಜಾಕಿರ್ ಹುಸೇನರು ಗೆಳೆಯರಾದ ಆಬಿದ್ ಹುಸೇನ್ ಮತ್ತು ಮುಹಮ್ಮದ್ ಮುಜೀಬರೊಡನೆ ಸೇರಿ, ತಾವು ಬರುವವರೆಗೆ ಬಾಗಿಲು ಮುಚ್ಚಬಾರದೆಂದು ಹಿರಿಯರಿಗೆ ತಿಳಿಸಿದರು. 1925ರಲ್ಲಿ ಜಾಮಿಯಾ ದೆಹಲಿಯ ಕರೋಲ್‌ಬಾಗಿಗೆ ಸ್ಥಳಾಂತರಗೊಂಡಿತು. 1926ರಲ್ಲಿ ಮೂವರೂ ಬಂದಿಳಿದರು. ಇಪ್ಪತ್ತೊಂಬತ್ತು ವರ್ಷದ ಜಾಕಿರ್ ಹುಸೇನರು ಶೇಖುಲ್ ಜಾಮಿಯಾ, ಅಂದರೆ ಕುಲಪತಿಯಾದರು.

ಬಡತನವನ್ನು ಒಪ್ಪಿಕೊಂಡ ಶಿಕ್ಷಕರು

1927ರ ಕೊನೆಯಲ್ಲಿ ಹಕೀಂ ಅಜ್ಮಲ್ ಖಾನರು ತೀರಿಕೊಂಡಾಗ ಜಾಮಿಯಾದ ಆಧಾರಸ್ತಂಭವೇ ಮುರಿದಂತಾಯಿತು. ಸಂಸ್ಥೆಯನ್ನು ಉಳಿಸುವುದಾದರೆ ಶಿಕ್ಷಕರೇ ಉಳಿಸಬೇಕಿತ್ತು. 1928ರಲ್ಲಿ ಅಂಜುಮನ್ ತಾಲೀಮೆ ಮಿಲ್ಲಿ ಎಂಬ ಸಂಘ ರಚನೆಯಾಯಿತು. ಇದರ ಸದಸ್ಯರಾದ ಶಿಕ್ಷಕರು ಇಪ್ಪತ್ತು ವರ್ಷಗಳ ಕಾಲ ಜಾಮಿಯಾದ ಸೇವೆ ಮಾಡುವುದಾಗಿಯೂ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಕೇಳುವುದಿಲ್ಲವೆಂದೂ ಪ್ರತಿಜ್ಞೆ ಮಾಡಿದರು. ಅಷ್ಟು ಹಣವೂ ಕೈಗೆ ಬರದ ತಿಂಗಳುಗಳು ಎಷ್ಟೋ. ಬರ್ಲಿನ್ನಿನ ಡಾಕ್ಟರೇಟ್ ಪಡೆದವರಿಗೆ ಬೇರೆ ಕಡೆ ದೊಡ್ಡ ಹುದ್ದೆ ಸಿಗುವುದು ಕಷ್ಟವಿರಲಿಲ್ಲ. ಆದರೂ ಜಾಕಿರ್ ಹುಸೇನರು ಚಂದಾ ಎತ್ತುತ್ತಾ, ಲೆಕ್ಕ ಬರೆಯುತ್ತಾ, ಪಾಠ ಮಾಡುತ್ತಾ ಅಲ್ಲೇ ಉಳಿದರು.

ಅವರ ವಿಶೇಷ ಒಲವು ಪ್ರಾಥಮಿಕ ಶಾಲೆಯ ಮೇಲಿತ್ತು. ಕಾಲೇಜಿನ ಪ್ರಾಧ್ಯಾಪಕರು ದೊಡ್ಡವರು, ಅಲಿಫ್ ಬೇ ಕಲಿಸುವವರು ಚಿಕ್ಕವರು ಎಂಬ ಭೇದವನ್ನು ಅವರು ಒಪ್ಪುತ್ತಿರಲಿಲ್ಲ. ಅಬ್ದುಲ್ ಗಫ್ಫಾರ್ ಮುಧೋಲಿ ಎಂಬ ಶಿಕ್ಷಕರು ಪಂಜಾಬಿನ ಮೋಗಾದಲ್ಲಿದ್ದ ಗ್ರಾಮೀಣ ಶಿಕ್ಷಕರ ತರಬೇತಿ ಶಾಲೆಯಲ್ಲಿ ಯೋಜನಾ ಪದ್ಧತಿಯನ್ನು ಕಲಿತು ಬಂದು, ಅದನ್ನು ಜಾಮಿಯಾದ ಪ್ರಾಥಮಿಕ ಶಾಲೆಯಲ್ಲಿ ಅಳವಡಿಸಿದರು. ಮಕ್ಕಳೇ ನಡೆಸುವ ಬ್ಯಾಂಕು, ಮಕ್ಕಳೇ ವ್ಯಾಪಾರ ಮಾಡುವ ಅಂಗಡಿ, ಮಕ್ಕಳೇ ನೀರೆರೆಯುವ ತೋಟ ಅಲ್ಲಿದ್ದವು. ಅಂಗಡಿಯ ಲಾಭನಷ್ಟದಲ್ಲಿ ಗಣಿತ, ತೋಟದಲ್ಲಿ ಪ್ರಕೃತಿ ಪಾಠ. ಜರ್ಮನಿಯಿಂದ ಬಂದ ಗೆರ್ಡಾ ಫಿಲಿಪ್ಸ್‌ಬಾರ್ನ್ ಎಂಬ ಯಹೂದಿ ಮಹಿಳೆ ಪುಟ್ಟ ಮಕ್ಕಳ ಸೇವೆಯಲ್ಲಿ ತೊಡಗಿ, 1943ರಲ್ಲಿ ತೀರಿಕೊಂಡು ಜಾಮಿಯಾದ ಮಣ್ಣಿನಲ್ಲೇ ಚಿರನಿದ್ರೆಗೆ ಜಾರಿದರು. ಜಾಕಿರ್ ಹುಸೇನರು ಸ್ವತಃ ಮಕ್ಕಳಿಗಾಗಿ ಸರಳ ಉರ್ದುವಿನಲ್ಲಿ ಕಥೆಗಳನ್ನು ಬರೆದರು. ಅವುಗಳಲ್ಲಿ ಅಬ್ಬೂ ಖಾನನ ಮೇಕೆಯ ಕಥೆಯನ್ನು ಉರ್ದು ಮಾಧ್ಯಮದಲ್ಲಿ ಓದಿದ ಅನೇಕರು ಬಲ್ಲರು.

1935ರ ಮಾರ್ಚ್ 1ರಂದು ಓಖ್ಲಾದಲ್ಲಿ ಜಾಮಿಯಾದ ಹೊಸ ಕಟ್ಟಡಕ್ಕೆ ಅಡಿಗಲ್ಲು ಇಡುವ ಸಮಾರಂಭ. ಗಣ್ಯರು ಅನೇಕರಿದ್ದರು. ಆದರೆ ಕಲ್ಲನ್ನು ಇಟ್ಟದ್ದು ಸಂಸ್ಥೆಯ ಅತಿ ಕಿರಿಯ ವಿದ್ಯಾರ್ಥಿಯಾಗಿದ್ದ ಅಬ್ದುಲ್ ಅಜೀಜ್ ಎಂಬ ಬಾಲಕ. ಶಾಲೆ ಯಾರಿಗಾಗಿ ಇದೆ ಎಂಬುದಕ್ಕೆ ಬೇರೆ ಭಾಷಣ ಬೇಕಾಗಲಿಲ್ಲ.

ಇನ್ನೊಂದು ಪ್ರಸಂಗವನ್ನು ಜಾಮಿಯಾದವರು ಇಂದಿಗೂ ನೆನೆಯುತ್ತಾರೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಜಾಕಿರ್ ಹುಸೇನರು ಸಿಹಿ ಹಂಚುತ್ತಿದ್ದರು. ಮನೆಯಲ್ಲಿ ಅವರ ಪುಟ್ಟ ಮಗಳು ರೆಹಾನಾ ಕಾಯಿಲೆಯಿಂದ ತೀರಿಕೊಂಡ ಸುದ್ದಿಯನ್ನು ಯಾರೋ ಬಂದು ಕಿವಿಯಲ್ಲಿ ಹೇಳಿದರು. ಅವರ ಮುಖ ಬಿಳಿಚಿಕೊಂಡಿತು, ಕೈ ನಿಲ್ಲಲಿಲ್ಲ. ಕೊನೆಯ ಮಗುವಿಗೂ ಸಿಹಿ ಕೊಟ್ಟ ಮೇಲೆಯೇ ಎದ್ದರು. ಮಕ್ಕಳ ಸಂತೋಷವನ್ನು ಕೆಡಿಸಲು ಮನಸ್ಸು ಬರಲಿಲ್ಲವೆಂದು ಆಮೇಲೆ ತಿಳಿಸಿದರಂತೆ.

ವಾರ್ಧಾ ಸಮಿತಿ ಮತ್ತು ಶಿಕ್ಷಕರ ತರಬೇತಿ

1937ರ ಅಕ್ಟೋಬರ್ 22 ಮತ್ತು 23ರಂದು ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು. ಏಳು ವರ್ಷಗಳ ಉಚಿತ, ಕಡ್ಡಾಯ ಶಿಕ್ಷಣ ಮಾತೃಭಾಷೆಯಲ್ಲಿ ನಡೆಯಬೇಕು, ಒಂದು ಕೈಕಸುಬು ಅದರ ಕೇಂದ್ರವಾಗಬೇಕು, ಮಕ್ಕಳ ಉತ್ಪಾದನೆಯಿಂದ ಕ್ರಮೇಣ ಶಿಕ್ಷಕರ ಸಂಬಳ ಹೊರಡಬೇಕು ಎಂಬುದು ಗಾಂಧೀಜಿಯವರ ಆಶಯ. ಸಮ್ಮೇಳನದಲ್ಲಿ ಜಾಕಿರ್ ಹುಸೇನರು ತಮ್ಮ ಅಭಿಪ್ರಾಯವನ್ನು ಸಂಕೋಚವಿಲ್ಲದೆ ಮಂಡಿಸಿದರು. ಕೆಲಸದ ಮೂಲಕ ಕಲಿಸುವ ವಿಧಾನ ಶಿಕ್ಷಣ ತಜ್ಞರಿಗೆ ತೀರಾ ಹೊಸದಲ್ಲವೆಂದೂ, ಆದಾಯದ ಮೇಲೆ ಅತಿಯಾಗಿ ಒತ್ತು ಬಿದ್ದರೆ ಶಿಕ್ಷಕನು ಬಡ ಹುಡುಗರಿಂದ ದುಡಿಸಿಕೊಳ್ಳುವ ಮೇಸ್ತ್ರಿಯಾಗಿಬಿಡುವ ಅಪಾಯವಿದೆಯೆಂದೂ ಎಚ್ಚರಿಸಿದರು. ಎದುರು ಮಾತನಾಡಿದವರನ್ನೇ ಪಠ್ಯಕ್ರಮ ಸಮಿತಿಯ ಅಧ್ಯಕ್ಷರನ್ನಾಗಿ ಮಾಡಿದ್ದು ಆ ಕಾಲದ ಹಿರಿಯರ ದೊಡ್ಡಗುಣ.

ಸಮಿತಿಯು 1937ರ ಡಿಸೆಂಬರ್ 2ರಂದು ವರದಿ ಒಪ್ಪಿಸಿತು. ಶಾಲೆಯ ಐದೂವರೆ ಗಂಟೆಗಳಲ್ಲಿ 3 ಗಂಟೆ 20 ನಿಮಿಷ ಕಸುಬಿಗೆ ಮೀಸಲು. ಆದರೆ ಕಸುಬನ್ನು ಯಂತ್ರದಂತೆ ಮಾಡಿಸದೆ, ಪ್ರತಿ ಹೆಜ್ಜೆಯಲ್ಲೂ ಏಕೆ, ಹೇಗೆ ಎಂಬುದನ್ನು ಮಗುವಿಗೆ ತಿಳಿಸಬೇಕಿತ್ತು. ನೂಲುವ ಮಗು ನೂಲಿನ ಉದ್ದ ಅಳೆಯುವಾಗ ಲೆಕ್ಕ ಕಲಿಯಬೇಕು, ಹತ್ತಿ ಬೆಳೆಯುವ ನೆಲವನ್ನು ತಿಳಿಯುವಾಗ ಭೂಗೋಳ ಕಲಿಯಬೇಕು, ಬಟ್ಟೆಯ ಕಥೆಯಲ್ಲಿ ಇತಿಹಾಸ ಕಲಿಯಬೇಕು. ಇದನ್ನು ಮಾಡಿಸಬಲ್ಲ ಶಿಕ್ಷಕ ಎಲ್ಲಿದ್ದಾನೆ? ಇಡೀ ಯೋಜನೆಯ ಪ್ರಾಣ ಈ ಪ್ರಶ್ನೆಯಲ್ಲಿತ್ತು. ಆದ್ದರಿಂದ ವರದಿಯು ಶಿಕ್ಷಕರ ತರಬೇತಿಗೆ ಪ್ರತ್ಯೇಕ ಪಠ್ಯಕ್ರಮವನ್ನೇ ಹಾಕಿಕೊಟ್ಟಿತು. ಪೂರ್ಣ ತರಬೇತಿ ಮೂರು ವರ್ಷ. ತುರ್ತು ಅಗತ್ಯಕ್ಕಾಗಿ ಒಂದು ವರ್ಷದ ಅಲ್ಪಾವಧಿ ತರಬೇತಿ. ಪ್ರಶಿಕ್ಷಣಾರ್ಥಿ ಮೊದಲು ತಾನೇ ಕಸುಬಿನಲ್ಲಿ ಪಳಗಬೇಕು. ಅದರ ಜೊತೆಗೆ ಶಿಕ್ಷಣ ತತ್ವ, ಶರೀರ ವಿಜ್ಞಾನ, ಆರೋಗ್ಯ ಮತ್ತು ಆಹಾರ, ಸಮಾಜ ಪಾಠ, ಮಾತೃಭಾಷೆ, ಹಿಂದೂಸ್ತಾನಿ, ಕರಿಹಲಗೆಯ ಬರವಣಿಗೆ ಮತ್ತು ಚಿತ್ರ, ಆಟೋಟ ಇವೆಲ್ಲವೂ ಇದ್ದವು. ಕೊನೆಯದಾಗಿ, ಮಾದರಿ ಶಾಲೆಯಲ್ಲಿ ಹಿರಿಯರ ಕಣ್ಣೆದುರಿನಲ್ಲಿ ನಿಜವಾದ ಮಕ್ಕಳಿಗೆ ಪಾಠ ಮಾಡಿ ತೋರಿಸಬೇಕಿತ್ತು. ಒಬ್ಬ ಶಿಕ್ಷಕನಿಗೆ 30ಕ್ಕಿಂತ ಹೆಚ್ಚು ಮಕ್ಕಳಿರಬಾರದು ಎಂದೂ ವರದಿ ಹೇಳಿತು. ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ 2009ರ ಶಿಕ್ಷಣ ಹಕ್ಕು ಕಾಯಿದೆ ಒಂದರಿಂದ ಐದನೆಯ ತರಗತಿಗಳಿಗೆ ನಿಗದಿ ಮಾಡಿದ ಪ್ರಮಾಣವೂ 30 ಮಕ್ಕಳಿಗೆ ಒಬ್ಬ ಶಿಕ್ಷಕ ಎಂದೇ.

ವರದಿ ಬರೆದು ಸುಮ್ಮನಾಗುವ ಜಾಯಮಾನ ಅವರದಲ್ಲ. 1938ರಲ್ಲಿ ಜಾಮಿಯಾದಲ್ಲಿ ಉಸ್ತಾದೋಂ ಕಾ ಮದ್ರಸಾ, ಅಂದರೆ ಶಿಕ್ಷಕರ ಶಾಲೆ ಆರಂಭವಾಯಿತು. ಮೂಲಶಿಕ್ಷಣದ ಶಾಲೆಗಳಿಗೆ ಶಿಕ್ಷಕರನ್ನು ಸಿದ್ಧಗೊಳಿಸುವುದು ಅದರ ಗುರಿ. ಇಂದು ಜಾಮಿಯಾ ವಿಶ್ವವಿದ್ಯಾಲಯದಲ್ಲಿರುವ ಶಿಕ್ಷಕರ ತರಬೇತಿ ವಿಭಾಗದ ಮೂಲ ಇದೇ. ಅದೇ ವರ್ಷ ಸ್ಥಾಪನೆಯಾದ ಹಿಂದೂಸ್ತಾನಿ ತಾಲೀಮಿ ಸಂಘದ ಅಧ್ಯಕ್ಷರೂ ಅವರೇ ಆದರು.

ಈ ದಾರಿಯಲ್ಲಿ ಮುಳ್ಳುಗಳು ಕಡಿಮೆಯಿರಲಿಲ್ಲ. ಯೋಜನೆಯಲ್ಲಿ ಧಾರ್ಮಿಕ ಶಿಕ್ಷಣಕ್ಕೆ ಸ್ಥಾನವಿಲ್ಲವೆಂದು ಮುಸ್ಲಿಂ ಲೀಗಿನವರು ಟೀಕಿಸಿದರು. ಅತ್ತ ಅನೇಕ ಕಡೆ ಸರಿಯಾದ ತರಬೇತಿ ಇಲ್ಲದ ಶಿಕ್ಷಕರ ಕೈಯಲ್ಲಿ ಚರಕವು ಬರಿಯ ಆಚರಣೆಯಾಯಿತು. ಮಗು ನೂಲು ತೆಗೆಯಿತು, ಪಾಠ ಹೊರಡಲಿಲ್ಲ. ಸ್ವಾತಂತ್ರ್ಯಾನಂತರ ಮೂಲಶಿಕ್ಷಣ ಹೆಸರಿಗಷ್ಟೇ ಉಳಿದದ್ದನ್ನು ಕಂಡು ಅವರು ಬಹಳ ನೊಂದುಕೊಂಡರು. ಎಷ್ಟೇ ಒಳ್ಳೆಯ ಯೋಜನೆಯಾದರೂ ಅದು ಶಿಕ್ಷಕನ ಸಿದ್ಧತೆಯಷ್ಟೇ ಎತ್ತರಕ್ಕೆ ಬೆಳೆಯುತ್ತದೆ ಎಂಬುದು ಈ ಇತಿಹಾಸ ಕಲಿಸುವ ಪಾಠ.

ವಿಭಜನೆಯ ದಿನಗಳು ಮತ್ತು ಕೊನೆಯ ವರ್ಷಗಳು

1946ರ ನವೆಂಬರಿನಲ್ಲಿ ಜಾಮಿಯಾದ ಬೆಳ್ಳಿಹಬ್ಬ ನಡೆಯಿತು. ದೇಶ ಕೋಮು ದಳ್ಳುರಿಯಲ್ಲಿ ಬೇಯುತ್ತಿದ್ದಾಗ ನೆಹರೂ, ಆಜಾದ್, ಜಿನ್ನಾ, ಲಿಯಾಖತ್ ಅಲಿ ಖಾನ್ ಅವರನ್ನು ಒಂದೇ ವೇದಿಕೆಗೆ ತಂದದ್ದು ಜಾಕಿರ್ ಹುಸೇನರ ನೈತಿಕ ಬಲ. ಈ ಬೆಂಕಿಯನ್ನು ಮೊದಲು ಆರಿಸಿರಿ ಎಂದು ಒಬ್ಬ ಶಾಲಾ ಮಾಸ್ತರರಾಗಿ ಅವರು ಆ ನಾಯಕರಲ್ಲಿ ಮೊರೆಯಿಟ್ಟರು. 1947ರಲ್ಲಿ ಜಾಲಂಧರ್ ರೈಲು ನಿಲ್ದಾಣದಲ್ಲಿ ಗಲಭೆಕೋರರ ಕೈಗೆ ಸಿಕ್ಕಿ ಸಾವಿನ ಅಂಚಿಗೆ ಹೋದರು. ಒಬ್ಬ ಸಿಖ್ ಸೇನಾಧಿಕಾರಿ ಮತ್ತು ಒಬ್ಬ ಹಿಂದೂ ರೈಲ್ವೆ ಅಧಿಕಾರಿ ಅವರನ್ನು ಉಳಿಸಿದರು. ಅದೇ ಗಲಭೆಗಳಲ್ಲಿ ಕರೋಲ್‌ಬಾಗಿನಲ್ಲಿದ್ದ ಜಾಮಿಯಾದ ಪುಸ್ತಕ ಭಂಡಾರ ಬೂದಿಯಾಯಿತು. ಇಷ್ಟಾದರೂ ಅವರ ಮನಸ್ಸಿನಲ್ಲಿ ಕಹಿ ಉಳಿಯಲಿಲ್ಲ.

1948ರಿಂದ 1956ರವರೆಗೆ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಕುಲಪತಿಗಳಾಗಿ, ವಿಭಜನೆಯಿಂದ ತತ್ತರಿಸಿದ ಆ ಸಂಸ್ಥೆಗೆ ಧೈರ್ಯ ತುಂಬಿದರು. 1957ರಲ್ಲಿ ಬಿಹಾರದ ರಾಜ್ಯಪಾಲರು, 1962ರಲ್ಲಿ ಉಪರಾಷ್ಟ್ರಪತಿ, 1967ರ ಮೇ 13ರಂದು ರಾಷ್ಟ್ರಪತಿ. 1963ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತ್ತು. 1969ರ ಮೇ 3ರಂದು ಅಧಿಕಾರದಲ್ಲಿರುವಾಗಲೇ ಹೃದಯಾಘಾತದಿಂದ ಅಲ್ಲಾಹನ ಸನ್ನಿಧಿಗೆ ತೆರಳಿದರು. ಅವರ ಸಮಾಧಿ ಇರುವುದು ಜಾಮಿಯಾದ ಆವರಣದಲ್ಲಿ, ತರಗತಿಗಳ ಸದ್ದು ಕೇಳುವಷ್ಟು ಹತ್ತಿರದಲ್ಲಿ.

ನಮಗೆ ಪಾಠ

ಟಿ.ಸಿ.ಎಚ್. ಹೋಗಿ ಡಿ.ಎಡ್. ಬಂತು, ಈಗ ಡಿ.ಎಲ್.ಎಡ್. ಇದೆ. ಹೆಸರು ಬದಲಾಯಿತು, ಕೆಲಸ ಬದಲಾಗಿಲ್ಲ. ಬಿ.ಎಡ್. ಪದವಿ ಪಡೆದವರೆಲ್ಲ ಚಿಕ್ಕ ಮಕ್ಕಳಿಗೂ ಕಲಿಸಬಹುದೆಂಬ ಭಾವನೆ ನಮ್ಮಂಥ ಬಿ.ಎಡ್. ಆದವರಲ್ಲಿ ಬಹಳ ಕಾಲ ಇತ್ತು. 2023ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಕಲಿಸಲು ಅದಕ್ಕೆಂದೇ ಇರುವ ತರಬೇತಿ ಬೇಕು, ಬಿ.ಎಡ್. ಅದಕ್ಕೆ ಬದಲಿಯಾಗದು ಎಂದು ತೀರ್ಪು ನೀಡಿತು. ಆರು ವರ್ಷದ ಮಗುವಿಗೆ ಅಕ್ಷರ ಕಲಿಸುವುದು ಸುಲಭದ ಕೆಲಸವಲ್ಲ, ಅದೊಂದು ವಿದ್ಯೆ ಎಂಬ ಜಾಕಿರ್ ಹುಸೇನರ ನಂಬಿಕೆ ಹೀಗೆ ಕಾನೂನಿನ ಮಾತೂ ಆಯಿತು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಪಿ.ಯು.ಸಿ. ನಂತರ ಈ ತರಬೇತಿಗೆ ಸೇರುವವರಿದ್ದೀರಿ. ಅದನ್ನು ಸೋತವರ ದಾರಿ ಎಂದು ಯಾರಾದರೂ ಹೇಳಿದರೆ ತಲೆ ತಗ್ಗಿಸಬೇಡಿರಿ. ಪಾಠಯೋಜನೆಯನ್ನು ಬೇರೆಯವರ ಪುಸ್ತಕದಿಂದ ನಕಲು ಮಾಡದೆ ಸ್ವಂತವಾಗಿ ಬರೆಯಿರಿ. ಪಾಠಾಭ್ಯಾಸದ ದಿನಗಳನ್ನು ಹಾಜರಿಗಾಗಿ ಕಳೆಯದೆ ಹಿಂದಿನ ಬೆಂಚಿನ ಮಗುವಿನ ಹೆಸರು ತಿಳಿದುಕೊಳ್ಳಿರಿ. ಪೋಷಕರೇ, ಮನೆಯ ಜಾಣ ಮಗುವೊಂದು ಪ್ರಾಥಮಿಕ ಶಾಲೆಯ ಶಿಕ್ಷಕನಾಗುತ್ತೇನೆ, ಶಿಕ್ಷಕಿಯಾಗುತ್ತೇನೆ ಎಂದರೆ ಹರಸಿ ಕಳುಹಿಸಿರಿ. ನಮ್ಮ ಉರ್ದು ಮತ್ತು ಕನ್ನಡ ಶಾಲೆಗಳ ಒಂದನೆಯ ತರಗತಿಗೆ ಅಂಥವರೇ ಬೇಕಾಗಿದ್ದಾರೆ.

ಅಲ್ಲಾಹನು ಮರ್ಹೂಮ್ ಡಾ. ಜಾಕಿರ್ ಹುಸೇನರ ಸೇವೆಯನ್ನು ಸ್ವೀಕರಿಸಲಿ, ಅವರ ದಾರಿಯಲ್ಲಿ ನಡೆಯುವ ಶಕ್ತಿಯನ್ನು ನಮಗೆ ದಯಪಾಲಿಸಲಿ. ಆಮೀನ್.