ವೈನು ಬಪ್ಪು

ಬೆಂಗಳೂರಿನ ಬಿ.ಟಿ.ಎಂ. ಲೇಔಟ್‌ನಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ. ಅದರ ಪಕ್ಕದ ಬಡಾವಣೆ ಕೋರಮಂಗಲ. ಅಲ್ಲಿರುವ ಭಾರತೀಯ ಖಗೋಳ ಭೌತ ವಿಜ್ಞಾನ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರು ವೈನು ಬಪ್ಪು.

ಇವರು 1927ನೇ ಇಸವಿ ಆಗಸ್ಟ್ 10ರಂದು ಜನಿಸಿದರು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದರು. 1949ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ ಬಪ್ಪು ಆಕಾಶದ ಫೋಟೋದಲ್ಲಿ ಹೊಸ ಧೂಮಕೇತು ಕಂಡುಹಿಡಿದರು. ಅದರ ಹೆಸರಿನಲ್ಲಿ ಇವರ ಹೆಸರೂ ಸೇರಿದೆ.

ಆಕಾಶದ ಫೋಟೋ ನಮ್ಮ ಗ್ರೂಪ್ ಫೋಟೋ ತರ ಕ್ಲಿಕ್ ಅಂದರೆ ಆಗಲ್ಲ. ಬೆಳಕು ಬಹಳ ಕಡಿಮೆ, ಒಂದೊಂದು ಸಲ ಗಂಟೆಗಟ್ಟಲೆ ಕ್ಯಾಮೆರಾ ತೆರೆದಿಡಬೇಕು. ಅಷ್ಟರಲ್ಲಿ ಭೂಮಿ ತಿರುಗಿರುತ್ತೆ. ಎರಡೇ ನಿಮಿಷಕ್ಕೆ ನಕ್ಷತ್ರ ಚಂದ್ರನ ಅಗಲದಷ್ಟು ಜರುಗುತ್ತೆ, ಚುಕ್ಕಿ ಬದಲು ಗೀಟು ಬರುತ್ತೆ. ಅದಕ್ಕೇ ದೂರದರ್ಶಕದ ಅಚ್ಚನ್ನು ಧ್ರುವ ನಕ್ಷತ್ರದ ಕಡೆಗೆ ಇಟ್ಟು, 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು ಬರೋ ಹಾಗೆ ತಿರುಗಿಸ್ತಾರೆ. (ನಾನು 24 ಗಂಟೆ ಅಂತ ಬರೆದಿದ್ದೆ, ಮೇಷ್ಟ್ರು ತಿದ್ದಿದರು.)

ಬಪ್ಪು ಭಾರತಕ್ಕೆ ಬಂದು, ಕತ್ತಲೆ ಇರೋ ಜಾಗ ಹುಡುಕಿ, ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರಿನಲ್ಲಿ ವೀಕ್ಷಣಾಲಯ ಮಾಡಿದರು. 2.34 ಮೀಟರ್ ಕನ್ನಡಿಯ ದೊಡ್ಡ ದೂರದರ್ಶಕವನ್ನು ನಮ್ಮ ದೇಶದಲ್ಲೇ ಮಾಡಬೇಕು ಅನ್ನೋದು ಅವರ ಹಟ. ಗಾಜು ಜರ್ಮನಿಯದು, ಆದರೆ ಅದನ್ನು ಉಜ್ಜಿ ನಯ ಮಾಡಿದ್ದು ಬೆಂಗಳೂರಿನಲ್ಲೇ. ಕಾವಲೂರಿನಲ್ಲಿ ಧ್ರುವ ನಕ್ಷತ್ರ ತುಂಬಾ ಕೆಳಗೆ ಕಾಣುತ್ತೆ. ಹಾಗಾಗಿ ಅಚ್ಚು ಹೆಚ್ಚುಕಮ್ಮಿ ಮಲಗಿದ ಹಾಗೇ ಇದೆ, ಒಂದು ತುದಿ ಕುದುರೆ ಲಾಳದ ಆಕಾರ.

ಅದು ಮುಗಿಯೋ ಮೊದಲೇ, 1982ರ ಆಗಸ್ಟ್ 19ರಂದು ಬಪ್ಪು ಮ್ಯೂನಿಕ್ ನಗರದಲ್ಲಿ ತೀರಿಕೊಂಡರು. 55 ವರ್ಷ ಅಷ್ಟೆ. 1986ರಲ್ಲಿ ಆ ದೂರದರ್ಶಕಕ್ಕೆ ಅವರ ಹೆಸರಿಟ್ಟರು.